ಹಸು ಅವಳಿ ಹಾಕಿದರೆ: ಹಾಲಿನ ಲೆಕ್ಕ, ಹೆಣ್ಣು ಕರುವಿನ ಲೆಕ್ಕ



ಊರಿನಲ್ಲಿ ಒಂದು ಹಸು ಅವಳಿ ಕರು ಹಾಕಿದರೆ ಆ ಮನೆಯ ಹಾಲಿಗಿಂತ ಮೊದಲು ಸುದ್ದಿಯೇ ಡೈರಿಗೆ ಬಂದಿರುತ್ತದೆ. ಬೆಳಗಿನ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರೆಲ್ಲ ಅದನ್ನೇ ಮಾತಾಡುತ್ತಿರುತ್ತಾರೆ. ಹಾಲು ಕೊಟ್ಟು ಹಿಂದಿರುಗುವಾಗ ದಾರಿ ಸುತ್ತಾದರೂ ಸರಿ, ಆ ಕೊಟ್ಟಿಗೆ ನೋಡಿಕೊಂಡೇ ಹೋಗುತ್ತೀರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇಂಥ ಮನೆಗೆ ನಾನು ಹೋದಾಗಲೆಲ್ಲ ಎರಡು ಪ್ರಶ್ನೆ ಖಾಯಂ. "ಎರಡು ಕರು ಹಾಕಿದೆಯಲ್ಲ ಡಾಕ್ಟ್ರೇ, ಹಾಲೂ ಹಾಗೇ ಹೆಚ್ಚು ಬರುತ್ತಾ?" ಎನ್ನುವುದು ಒಂದು. "ಬೆದೆಗೆ ಬಂದಾಗ ಎರಡು ಸಲ ಇಂಜೆಕ್ಷನ್ ಮಾಡಿಸಿದ್ವಿ, ಅದಕ್ಕೇ ಎರಡು ಕರು ಆಯ್ತಾ?" ಎನ್ನುವುದು ಇನ್ನೊಂದು. ಮೂರನೇ ಪ್ರಶ್ನೆಯೂ ಒಂದಿದೆ, ಅದನ್ನು ಕೇಳುವವರು ಕಡಿಮೆ. "ಒಂದು ಗಂಡು, ಒಂದು ಹೆಣ್ಣು ಹುಟ್ಟಿದೆ, ಈ ಹೆಣ್ಣು ಕರು ಮುಂದೆ ಗಬ್ಬ ಕಟ್ಟುತ್ತಾ?" ಮನೆಯ ದುಡ್ಡು ಹೋಗುವುದು ಈ ಕೇಳದ ಪ್ರಶ್ನೆಯಲ್ಲೇ. ಮೂರಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೂರನೆಯದಕ್ಕೆ ಹೆಚ್ಚು ಜಾಗ.

ಮೊದಲು ಇಂಜೆಕ್ಷನ್ನಿನ ಮಾತು ಮುಗಿಸೋಣ. ಕೃತಕ ಗರ್ಭಧಾರಣೆಗೆ ಬಳಸುವ ಒಂದೇ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು ಇರುತ್ತವೆ. ಎರಡು ಕಡ್ಡಿ ಹಾಕಿದರೆ ನಾಲ್ಕು ಕೋಟಿ. ಆದರೆ ಹಸು ಒಂದೇ ಅಂಡಾಣು ಬಿಟ್ಟಿದ್ದರೆ ಅದರೊಳಕ್ಕೆ ಹೋಗುವುದು ಒಂದೇ ವೀರ್ಯಾಣು, ಹುಟ್ಟುವುದು ಒಂದೇ ಕರು. ಅವಳಿಯಾಗಬೇಕಾದರೆ ಹಸುವೇ ಒಂದೇ ಬೆದೆಯಲ್ಲಿ ಎರಡು ಅಂಡಾಣು ಬಿಡಬೇಕು. ಒಂದೇ ಅಂಡಾಣು ಬೆಳೆಯುವಾಗ ಎರಡು ಹೋಳಾಗಿ, ಅಚ್ಚು ಹೊಯ್ದ ಹಾಗೆ ಒಂದೇ ಥರದ ಎರಡು ಕರು ಆಗುವುದೂ ಉಂಟು, ಆದರೆ ಅದು ಬಹಳ ಅಪರೂಪ. ಆದ್ದರಿಂದ ಅವಳಿಯ ಹೊಗಳಿಕೆಯಾಗಲಿ ಬೈಗುಳವಾಗಲಿ ಇಂಜೆಕ್ಷನ್ ಮಾಡಿದವರಿಗೆ ಸೇರುವುದಿಲ್ಲ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಎಂದು ನಮ್ಮ ಅಜ್ಜಿಯರು ಬಸುರಿಯರಿಗೆ ಹೇಳುತ್ತಿದ್ದರಲ್ಲ, ಎರಡು ಕಡ್ಡಿಯ ಮಾತೂ ಅದೇ ಜಾತಿಯದು.

ಹಾಲು ಮೊದಲೋ, ಅವಳಿ ಮೊದಲೋ?

ಹಾಗಾದರೆ ಒಂದು ಹಸು ಎರಡು ಅಂಡಾಣು ಬಿಡುವುದು ಏಕೆ? ಇಲ್ಲಿಯೇ ಹಾಲಿನ ಸಂಬಂಧ ಬರುವುದು.

ತೆಂಗಿನ ಹೊಂಬಾಳೆ ಒಡೆದಾಗ ಎಷ್ಟೊಂದು ಹರಳು ಕಟ್ಟುತ್ತವೆ, ನೀವೇ ನೋಡಿದ್ದೀರಿ. ಎಲ್ಲವೂ ಕಾಯಾಗುವುದಿಲ್ಲ. ಮರ ಎಷ್ಟನ್ನು ಹೊರಬಲ್ಲದೋ ಅಷ್ಟು ನಿಂತು ಉಳಿದವು ಉದುರುತ್ತವೆ. ಹಸುವಿನ ಅಂಡಾಶಯದಲ್ಲೂ ಪ್ರತಿ ಬೆದೆಗೆ ಮೊದಲು ಇಂಥದೇ ನಡೆಯುತ್ತದೆ. ಹಲವು ಚಿಕ್ಕ ಗುಳ್ಳೆಗಳು ಒಟ್ಟಿಗೆ ಬೆಳೆಯಲು ಶುರುವಾಗುತ್ತವೆ. ಅವುಗಳಲ್ಲಿ ಒಂದು ಮುಂದೆ ಹೋಗಿ, ತನ್ನೊಳಗಿಂದ ಹಾರ್ಮೋನು ಸುರಿಸಿ, "ಇನ್ನು ಸಾಕು" ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮಿದುಳಿನ ಕೆಳಗಿರುವ ಗ್ರಂಥಿ ಆಗ ಗುಳ್ಳೆ ಬೆಳೆಸುವ ಹಾರ್ಮೋನನ್ನು ಕಡಿಮೆ ಮಾಡುತ್ತದೆ, ಉಳಿದ ಗುಳ್ಳೆಗಳು ಬಾಡುತ್ತವೆ. ಮುಂದೆ ಹೋದ ಒಂದು ಮಾತ್ರ ಒಡೆದು ಅಂಡಾಣು ಬಿಡುತ್ತದೆ.

ಈಗ ಹೆಚ್ಚು ಹಾಲು ಕೊಡುವ ಹಸುವನ್ನು ನೆನೆಸಿಕೊಳ್ಳಿ. ಹಾಲಿಗೆ ತಕ್ಕಂತೆ ಅದು ತಿನ್ನುತ್ತದೆ. ತಿಂದಷ್ಟೂ ಅದರ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ರಕ್ತ ಹರಿಯುವುದು ಹೆಚ್ಚು. ಈ ಹಾರ್ಮೋನುಗಳನ್ನು ಒಡೆದು ಹೊರಹಾಕುವುದು ಲಿವರಿನ ಕೆಲಸ. ರಕ್ತ ಹೆಚ್ಚು ಹರಿದಾಗ ಹಾರ್ಮೋನು ಬೇಗ ಬೇಗ ಕರಗಿಹೋಗುತ್ತದೆ. "ಇನ್ನು ಸಾಕು" ಎಂಬ ಸುದ್ದಿ ಮಿದುಳಿಗೆ ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ. ಗ್ರಂಥಿ ತನ್ನ ಕೆಲಸ ನಿಲ್ಲಿಸುವುದು ತಡವಾಗುತ್ತದೆ. ಆ ಸಂದಿಯಲ್ಲಿ ಎರಡನೇ ಗುಳ್ಳೆಯೂ ದೊಡ್ಡದಾಗಿಬಿಡುತ್ತದೆ. ಎರಡು ಗುಳ್ಳೆ ಒಡೆದರೆ ಎರಡು ಅಂಡಾಣು. ಎರಡೂ ನಿಂತರೆ ಅವಳಿ.

ಅಮೆರಿಕದ ಹಾಲಿನ ಹಸುಗಳಲ್ಲಿ ಇದನ್ನು ವರ್ಷಗಟ್ಟಲೆ ಲೆಕ್ಕ ಹಾಕಿದ್ದಾರೆ. 1983ರಲ್ಲಿ ನೂರು ಹೆರಿಗೆಯಲ್ಲಿ 1.4ರಷ್ಟಿದ್ದ ಅವಳಿ 1993ರ ಹೊತ್ತಿಗೆ 2.4ಕ್ಕೆ ಏರಿತ್ತು. ಅದೇ ಹತ್ತು ವರ್ಷದಲ್ಲಿ ಅಲ್ಲಿನ ಹಸುಗಳ ಹಾಲೂ ಏರಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಸ್ಕ್ಯಾನ್ ಮಾಡಿ ನೋಡಿದಾಗ, ದಿನಕ್ಕೆ 40 ಕೆ.ಜಿ.ಗಿಂತ ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಐದಕ್ಕೆ ಒಂದರಂತೆ ಎರಡು ಅಂಡಾಣು ಬಿಡುತ್ತಿದ್ದವು. ಕಡಿಮೆ ಹಾಲಿನವುಗಳಲ್ಲಿ ನೂರಕ್ಕೆ ಏಳರಷ್ಟು. ನಮ್ಮ ಕೊಟ್ಟಿಗೆಗಳಲ್ಲಿ 40 ಕೆ.ಜಿ. ಕೊಡುವ ಹಸು ಎಲ್ಲಿದೆ ಎಂದು ನಗಬೇಡಿ. ದಾರಿ ಅದೇ, ನಾವು ಅದರ ಆರಂಭದಲ್ಲಿದ್ದೇವೆ, ಅಷ್ಟೆ.

ನಿಮ್ಮ ಅಜ್ಜಿಯ ಕಾಲದ ಕೊಟ್ಟಿಗೆಯಲ್ಲಿ ಇದ್ದದ್ದು ಹಳ್ಳಿಕಾರ್. ಕೊನೇಹಳ್ಳಿ ಕಾವಲಿನಲ್ಲಿ ಇವತ್ತೂ ಅಮೃತಮಹಲ್ ಇದೆ. ಇವು ದುಡಿಮೆಯ ತಳಿಗಳು, ಹಾಲು ಕರುವಿಗೆ ಮತ್ತು ಮನೆಗೆ ಆಗುವಷ್ಟು. ಇಂಥ ನಾಡತಳಿಗಳಲ್ಲಿ ಅವಳಿ ತೀರಾ ಅಪರೂಪ. ಎಮ್ಮೆಯಲ್ಲೂ ಅಷ್ಟೇ ಅಪರೂಪ. ಎಚ್.ಎಫ್. ಮಿಶ್ರತಳಿ ಬಂದ ಮೇಲೆ ಹಾಲು ಬಂತು, ಹಾಲಿನ ಜೊತೆಗೆ ಅವಳಿಯೂ ಬಂತು. ಜರ್ಸಿಗೆ ಹೋಲಿಸಿದರೆ ಎಚ್.ಎಫ್.ನಲ್ಲಿ ಹೆಚ್ಚು. ಮೊದಲ ಸೂಲಿನ ಮಣಕದಲ್ಲಿ ನೂರಕ್ಕೆ ಒಂದರ ಆಸುಪಾಸು. ಮೂರನೇ, ನಾಲ್ಕನೇ ಸೂಲಿಗೆ ಬಂದ ಎಚ್.ಎಫ್. ಹಸುಗಳಲ್ಲಿ ಅದರ ಹಲವು ಪಟ್ಟು.

ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಹೀಗೆ: ಹಸು ಹಾಲು ಹೆಚ್ಚು ಕೊಡುತ್ತಿತ್ತು, ಅದಕ್ಕೇ ಅವಳಿ ಆಯಿತು. ಅವಳಿ ಆಯಿತೆಂದು ಹಾಲು ಹೆಚ್ಚುವುದಿಲ್ಲ. ಕೆಚ್ಚಲು ಚೆನ್ನಾಗಿ ತುಂಬಿಕೊಂಡ ಹಾಗೆ ಕಂಡರೂ, ಈದ ಮೊದಲ ಒಂದೆರಡು ತಿಂಗಳು ಅವಳಿ ಹಾಕಿದ ಹಸು ತನ್ನ ಹಿಂದಿನ ಸೂಲಿನಷ್ಟೂ ಕೊಡದೆ ಇರಬಹುದು. ಕಾರಣ ಕೆಚ್ಚಲಿನಲ್ಲಿಲ್ಲ. ಎರಡು ಕರು ಹೊತ್ತು ಮೈ ಇಳಿದಿರುತ್ತದೆ, ಬತ್ತಿಸಿದ ದಿನ ಕಡಿಮೆ ಬಿದ್ದಿರುತ್ತದೆ, ಕಸ ನಿಂತು ಗರ್ಭಕೋಶ ಕೆಟ್ಟಿರುತ್ತದೆ. ಈ ಮೂರನ್ನೂ ಸರಿಯಾಗಿ ನೋಡಿಕೊಂಡ ಮನೆಗಳಲ್ಲಿ ಹಸು ತನ್ನ ಹಾಲಿಗೆ ಮರಳುತ್ತದೆ. ದಲ್ಲಾಳಿ ಬಂದು "ಅವಳಿ ಹಾಕಿದ ಹಸು, ಹಾಲಿನ ಹೊಳೆ" ಎಂದು ಹತ್ತು ಸಾವಿರ ಜಾಸ್ತಿ ಹೇಳಿದರೆ ನೀವು ನೋಡಬೇಕಾದದ್ದು ಡೈರಿ ಪಾಸ್‌ಬುಕ್ಕಿನಲ್ಲಿ ಬರೆದ ಲೀಟರು.

ಹೊಟ್ಟೆಯಲ್ಲಿ ಎರಡಿದ್ದರೆ

ಆಡು ಕುರಿ ಸಾಕಿದವರಿಗೆ ಅವಳಿ ಹೊಸದಲ್ಲ. ಆಡಿನ ಗರ್ಭಕೋಶ ಎರಡು ಮರಿಗೆಂದೇ ಒಗ್ಗಿದೆ. ಹಸುವಿನದು ಒಂದೇ ಕರುವಿಗೆ ಆದದ್ದು. ಅದಕ್ಕೇ ಹಸುವಿನ ಅವಳಿ ಗಬ್ಬ ಒಂದೇ ಗಬ್ಬಕ್ಕಿಂತ ಹೆಚ್ಚು ಸಲ ನಡುವೆ ಕಂದು ಹಾಕುತ್ತದೆ. ಎರಡೂ ಕರು ಗರ್ಭಕೋಶದ ಒಂದೇ ಕೊಂಬಿನಲ್ಲಿ ಬೆಳೆಯುತ್ತಿದ್ದರೆ ಈ ಅಪಾಯ ಇನ್ನೂ ಜಾಸ್ತಿ.

ಸ್ಕ್ಯಾನ್ ಮಾಡಿದರೆ ಒಂದೆರಡು ತಿಂಗಳಲ್ಲೇ ಎರಡು ಇರುವುದು ಕಾಣುತ್ತದೆ. ಕೈಹಾಕಿ ಪರೀಕ್ಷೆ ಮಾಡುವಾಗ ತಪ್ಪಿಹೋಗುವುದುಂಟು. ಹೊರಗಿನಿಂದ ನೋಡುವವರಿಗೆ ಕೊನೆಯ ಎರಡು ತಿಂಗಳಲ್ಲಿ ಕೆಲವು ಗುರುತು ಸಿಗುತ್ತವೆ: ಹೊಟ್ಟೆ ಎರಡೂ ಪಕ್ಕ ಅಗಲವಾಗುವುದು, ತಿನ್ನುತ್ತಿದ್ದರೂ ಬೆನ್ನು ಸೊಂಟದ ಮೂಳೆ ಎದ್ದು ಕಾಣುವುದು, ಮಲಗಿದರೆ ಏಳಲು ತಿಣುಕುವುದು, ದಿನಕ್ಕೆ ಮೊದಲೇ ಕೆಚ್ಚಲು ಕಟ್ಟುವುದು. ಯಾವ ಗುರುತೂ ಕಾಣದೆ ಈಯುವ ದಿನವೇ ಗೊತ್ತಾಗುವುದೂ ಇದೆ. ಹಿಂದೆ ಒಮ್ಮೆ ಅವಳಿ ಹಾಕಿದ ಹಸು ಮತ್ತೆ ಹಾಕುವ ಸಾಧ್ಯತೆ ಬೇರೆ ಹಸುಗಳಿಗಿಂತ ಹೆಚ್ಚು. ಅಂಥ ಹಸುವನ್ನು ಗಬ್ಬದ ಪರೀಕ್ಷೆಗೆ ತಂದಾಗ ಆ ಮಾತು ಮೊದಲೇ ಹೇಳಿ.

ಇದೆಲ್ಲ ತಿಳಿದು ಏನಾಗಬೇಕು ಎಂದರೆ, ದಿನದ ಲೆಕ್ಕ ಬದಲಾಗುತ್ತದೆ. ನಮ್ಮ ಮಿಶ್ರತಳಿ ಹಸು ಸುಮಾರು 280 ದಿನಕ್ಕೆ ಈಯುತ್ತದೆ. ಅವಳಿಯಾದರೆ ಹೆಚ್ಚುಕಡಿಮೆ ಒಂದು ವಾರ ಮೊದಲು. ಏಳು ತಿಂಗಳು ತುಂಬಿದ ಮೇಲೆ ಬತ್ತಿಸೋಣ ಎಂದುಕೊಂಡು ಇನ್ನೂ ನಾಲ್ಕು ದಿನ, ಇನ್ನೂ ಒಂದು ವಾರ ಎಂದು ಕರೆಯುತ್ತಲೇ ಹೋದರೆ ಕೆಚ್ಚಲಿಗೆ ಬಿಡುವೇ ಸಿಗುವುದಿಲ್ಲ. ಅವಳಿ ಎಂದು ಗೊತ್ತಾದ ಹಸುವನ್ನು ಒಂದು ವಾರ ಹತ್ತು ದಿನ ಮುಂಚೆಯೇ ಬತ್ತಿಸಿ. ಆ ಹತ್ತು ದಿನದ ಹಾಲಿನ ಬಿಲ್ಲು ಹೋಯಿತಲ್ಲ ಎಂದು ಅನ್ನಿಸುತ್ತದೆ, ಅದು ಮುಂದಿನ ಸೂಲಿನಲ್ಲಿ ತಿರುಗಿ ಬರುತ್ತದೆ.

ಮೇವಿನಲ್ಲಿ ಒಂದು ತೊಡಕಿದೆ. ಎರಡು ಕರುವಿಗೆ ಬೇಕಾದ ಸತ್ವ ಹೆಚ್ಚು, ಆದರೆ ಕರುಗಳೇ ಹೊಟ್ಟೆಯ ಜಾಗ ಹಿಡಿದಿರುವುದರಿಂದ ಹಸು ಒಂದೇ ಸಲಕ್ಕೆ ಹೆಚ್ಚು ತಿನ್ನಲಾರದು. ಬರೀ ರಾಗಿ ಹುಲ್ಲಿನಲ್ಲಿ ಹೊಟ್ಟೆ ತುಂಬಿಸಿದರೆ ಮೈ ಇಳಿಯುತ್ತದೆ. ಹಸಿ ಮೇವು, ಒಳ್ಳೆಯ ಪಶು ಆಹಾರ, ಇವನ್ನು ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಕೊನೆಯ ತಿಂಗಳು ಪಶು ಆಹಾರವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಗಾಣದಿಂದ ತರುವ ಕೊಬ್ಬರಿ ಹಿಂಡಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಒಳ್ಳೆಯದೇ, ಆದರೆ ಹಳತಾಗಿ ಕಮಟು ವಾಸನೆ ಬಂದದ್ದನ್ನು ತುಂಬು ಗಬ್ಬದ ಹಸುವಿಗೆ ಹಾಕಬೇಡಿ. ಸುಣ್ಣದಂಶದ ಟಾನಿಕ್ಕನ್ನು ಈಯುವ ಮೊದಲಿನ ಮೂರು ವಾರ ಕೊಡಬೇಡಿ. ಈದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಮೈಯೊಳಗಿನ ಮೂಳೆಯಿಂದ ಸುಣ್ಣ ತೆಗೆದುಕೊಳ್ಳುವ ಅಭ್ಯಾಸ ಹಸುವಿಗೆ ತಪ್ಪುತ್ತದೆ, ಈದ ದಿನ ಹಾಲುಜ್ವರ ಬಂದು ಕಾಲು ಚಾಚಿ ಮಲಗುತ್ತದೆ.

ಈಯುವ ಹೊತ್ತು

ಈ ಭಾಗ ಓದುವಾಗ ಮನೆಯ ಗಂಡಸರನ್ನೂ ಕೂರಿಸಿಕೊಳ್ಳಿ. ಹಗ್ಗ ಹಿಡಿದು ಎಳೆಯುವವರು ಅವರೇ ತಾನೇ.

ಎರಡು ಗೊರಸು ಹೊರಗೆ ಕಂಡ ಕೂಡಲೇ ಹಗ್ಗ ಕಟ್ಟಿ ಎಳೆಯುವುದು ನಮ್ಮಲ್ಲಿ ರೂಢಿ. ಅವಳಿಯಲ್ಲಿ ಒಂದು ಕಾಲು ಒಂದು ಕರುವಿನದು, ಇನ್ನೊಂದು ಕಾಲು ಇನ್ನೊಂದರದು ಆಗಿರಬಹುದು. ಆಗ ಎಳೆದಷ್ಟೂ ಎರಡು ಕರುಗಳೂ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತವೆ, ಎರಡೂ ಸಾಯುತ್ತವೆ, ಹಸುವಿನ ಗರ್ಭಕೋಶ ಹರಿಯುತ್ತದೆ. ಕಾಲಿನ ಕೀಲು ನೋಡಿ: ಗೊರಸಿನ ಮೇಲಿನ ಕೀಲು ಮತ್ತು ಅದರ ಮೇಲಿನ ಕೀಲು ಎರಡೂ ಒಂದೇ ಕಡೆಗೆ ಮಡಚಿದರೆ ಅದು ಮುಂಗಾಲು, ಒಂದು ಒಂದು ಕಡೆ, ಇನ್ನೊಂದು ಅದರ ಎದುರು ಕಡೆ ಮಡಚಿದರೆ ಹಿಂಗಾಲು. ಒಂದು ಮುಂಗಾಲು, ಒಂದು ಹಿಂಗಾಲು ಕಂಡರೆ ಅಥವಾ ಮೂರು ಗೊರಸು ಕಂಡರೆ ಹಗ್ಗ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಹತ್ತಿರದ ಪಶು ಆಸ್ಪತ್ರೆಯವರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಆ ಕರೆಗೆ ದುಡ್ಡಿಲ್ಲ.

ಮೊದಲ ಕರು ತೀರಾ ಚಿಕ್ಕದಾಗಿದ್ದು ಸುಲಭವಾಗಿ ಹೊರಬಂತು, ಆದರೂ ಹಸು ತಿಣುಕುವುದು ನಿಲ್ಲಿಸಿಲ್ಲ ಎಂದರೆ ಒಳಗೆ ಇನ್ನೊಂದು ಇರಬಹುದೆಂದೇ ತಿಳಿಯಿರಿ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅದೂ ಬರುತ್ತದೆ. ಗಂಟೆ ಎರಡಾದರೂ ಬರದಿದ್ದರೆ ಕಾಯಬೇಡಿ. ಎರಡನೆಯದು ಹಿಂದುಮುಂದಾಗಿ, ಬಾಲ ಮೊದಲಾಗಿ ಬರುವುದು ಹೆಚ್ಚು. ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಒಂದು ಕರು ಎದ್ದು ಮೊಲೆ ಹುಡುಕುತ್ತಿದ್ದು, ಇನ್ನೊಂದು ಮೂಗಿನ ಮೇಲೆ ಪೊರೆ ಕಟ್ಟಿಕೊಂಡೇ ಉಸಿರುಗಟ್ಟಿ ಸತ್ತಿರುವುದನ್ನು ನೀವೂ ಕೇಳಿರುತ್ತೀರಿ. ತಾಯಿ ಮೊದಲ ಕರುವನ್ನು ನೆಕ್ಕುತ್ತಾ ಎರಡನೆಯದನ್ನು ಮರೆತಿರುತ್ತದೆ. ಹತ್ತಿರ ಒಬ್ಬರು ಇದ್ದು ಮೂಗು ಬಾಯಿ ಒರೆಸಿದರೆ ಆ ಕರು ಉಳಿಯುತ್ತದೆ.

ಕಸ, ನೀವು ಕೆಲವರು ಸತ್ತೆ ಅಥವಾ ಮಾಸು ಎನ್ನುತ್ತೀರಿ, ಅವಳಿ ಹಾಕಿದ ಹಸುವಿನಲ್ಲಿ ನಿಂತುಬಿಡುವುದು ಬಹಳ ಸಾಮಾನ್ಯ. ದಿನಕ್ಕೆ ಮೊದಲೇ ಈದದ್ದು, ಗರ್ಭಕೋಶ ಹಿಗ್ಗಿ ಸೋತದ್ದು ಇದಕ್ಕೆ ಕಾರಣ. 12 ಗಂಟೆಯವರೆಗೆ ನೋಡಿ. ಆಮೇಲೂ ಬೀಳದಿದ್ದರೆ ಡಾಕ್ಟರಿಗೆ ತಿಳಿಸಿ. ನೇತಾಡುವ ಕಸಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟಬೇಡಿ. ಯಾರಿಂದಲೂ ಕೈಹಾಕಿಸಿ ಕಿತ್ತು ತೆಗೆಸಬೇಡಿ. ಕಸ ಹಿಡಿದುಕೊಂಡಿರುವ ಗುಂಡಿಗಳು ಕಿತ್ತುಬಂದರೆ ಆ ಗರ್ಭಕೋಶ ಮತ್ತೆ ಗಬ್ಬ ಹಿಡಿಯುವುದು ಕಷ್ಟ. ಜ್ವರ, ಮೇವು ಬಿಡುವುದು, ಕೆಟ್ಟ ವಾಸನೆಯ ಸೋರಿಕೆ ಇದ್ದರೆ ಅವತ್ತೇ ಔಷಧ ಬೇಕು.

ಈದ ಹಸುವಿಗೆ ಬಾಣಂತಿಯ ಉಪಚಾರ ಮಾಡುವುದು ನಮ್ಮ ಹೆಣ್ಣುಮಕ್ಕಳ ಒಳ್ಳೆಯ ಗುಣ. ಆದರೆ ರಾಗಿ ಅಂಬಲಿ, ಅಕ್ಕಿ ಗಂಜಿಯನ್ನು ಬಕೆಟ್ಟುಗಟ್ಟಲೆ ಕುಡಿಸಿದರೆ ಹೊಟ್ಟೆ ಹುಳಿಯಾಗಿ ಹಸು ಮೇವೇ ಬಿಡುತ್ತದೆ. ಉಗುರುಬೆಚ್ಚಗಿನ ನೀರು ಕುಡಿಯುವಷ್ಟು, ಒಳ್ಳೆಯ ಹುಲ್ಲು, ಡಾಕ್ಟರು ಹೇಳಿದ ಸುಣ್ಣದಂಶದ ಜೆಲ್ಲು ಸಾಕು. ಎರಡು ಮೂರು ವಾರದೊಳಗೆ ಹಸು ಹಿಂಡಿ ಬಿಟ್ಟು ಬರೀ ಹುಲ್ಲು ತಿನ್ನುತ್ತಿದೆ, ಹಾಲು ದಿನದಿನಕ್ಕೆ ಇಳಿಯುತ್ತಿದೆ, ಉಸಿರಿನಲ್ಲಿ ಒಂಥರಾ ಸಿಹಿ ವಾಸನೆ ಬರುತ್ತಿದೆ ಎಂದರೆ ಅದು ಕೀಟೋಸಿಸ್. ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತಿರುವುದರ ಫಲ ಅದು. ಅವಳಿ ಹಾಕಿದ ಹಸುವಿನಲ್ಲಿ ಇದಕ್ಕೆ ಕಾದುಕೊಂಡೇ ಇರಿ.

ಇನ್ನು ಗಿಣ್ಣು. ನಮ್ಮಲ್ಲಿ ಗಿಣ್ಣು ಹಾಲು ಅಕ್ಕಪಕ್ಕದ ಮನೆಗೆ ಹೋಗದೆ ಇರುವುದಿಲ್ಲ. ಅವಳಿಯಾದಾಗ ಸಂಭ್ರಮವೂ ಹೆಚ್ಚು, ಕೇಳುವವರೂ ಹೆಚ್ಚು. ಆದರೆ ಲೆಕ್ಕ ಹಾಕಿ: 20 ಕೆ.ಜಿ. ತೂಗುವ ಒಂದು ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ 2 ಲೀಟರು, 12 ಗಂಟೆಯೊಳಗೆ ಮತ್ತೆ 2 ಲೀಟರು ಗಿಣ್ಣು ಬೇಕು. ಎರಡು ಕರುವಿಗೆ 8 ಲೀಟರು. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದು ಮೊದಲ ದಿನದ ಈ ಗಿಣ್ಣಿನಿಂದಲೇ. ದಿನ ಕಳೆದರೆ ಅದರ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ಸಲ ಕರೆದದ್ದನ್ನು ಒಲೆಗೆ ಇಡಬೇಡಿ. ನೆಂಟರಿಗೆ ಎರಡನೇ ದಿನದ ಗಿಣ್ಣು ಕೊಟ್ಟರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎರಡರಲ್ಲಿ ಬಡಕಲು ಕರುವಿಗೆ ಮೊದಲು ಕುಡಿಸಿ, ಬಲವಾದದ್ದು ಹೇಗೂ ತಾನೇ ನುಗ್ಗಿ ಕುಡಿಯುತ್ತದೆ. ಎರಡರ ಹೊಕ್ಕುಳಿಗೂ ಟಿಂಚರ್ ಅಯೋಡಿನ್ ಹಚ್ಚಿ.

ಗಂಡಿನ ಜೊತೆ ಹುಟ್ಟಿದ ಹೆಣ್ಣು

ಚಿಕ್ಕನಾಯಕನಹಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಕ್ಕ ಎರಡೂವರೆ ವರ್ಷದ ಮಣಕವನ್ನು ತೋರಿಸಿದರು. ನೋಡಲು ಲಕ್ಷಣವಾದ ಮಣಕ, ಕಪ್ಪು ಬಿಳುಪು ಚುಕ್ಕೆ, ಮೈತುಂಬ ಮಾಂಸ. ಆದರೆ ಒಮ್ಮೆಯೂ ಬೆದೆಗೆ ಬಂದಿಲ್ಲ. ಜಂತುಹುಳುವಿನ ಔಷಧ ಹಾಕಿದ್ದರು, ಖನಿಜ ಮಿಶ್ರಣ ತಿನ್ನಿಸಿದ್ದರು, ಯಾರೋ ಹೇಳಿದ ಸೊಪ್ಪುಸದೆಯೂ ಆಗಿತ್ತು. ಈ ಮಣಕ ಕರು ಹಾಕಿದ ಮೇಲೆ ಮುದಿಯಾದ ತಾಯಿಯನ್ನು ಕೊಟ್ಟುಬಿಡುವುದು, ಅಷ್ಟರಲ್ಲಿ ಮಗಳ ಕಾಲೇಜಿನ ಖರ್ಚಿಗೆ ಹಾಲಿನ ಬಿಲ್ಲು ಆಗುತ್ತದೆ ಎಂಬ ಲೆಕ್ಕ ಅವರದು. "ಇದು ಒಂಟಿಯಾಗಿ ಹುಟ್ಟಿದ್ದಾ?" ಎಂದು ಕೇಳಿದೆ. "ಇಲ್ಲ, ಜೊತೆಗೊಂದು ಹೋರಿಗರು ಇತ್ತು, ಎರಡನೇ ದಿನ ಸತ್ತುಹೋಯ್ತು" ಎಂದರು. ಪರೀಕ್ಷೆ ಮಾಡಿದೆ. ಅದಕ್ಕೆ ಗರ್ಭಕೋಶವೇ ಬೆಳೆದಿರಲಿಲ್ಲ.

ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗೊಡ್ಡು. ಇವಕ್ಕೆ ಫ್ರೀಮಾರ್ಟಿನ್ ಎಂದು ಹೆಸರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಇಂಥ ಹಸುಗಳನ್ನು ಕೊಯ್ದು ನೋಡಿ 1779ರಲ್ಲೇ ಬರೆದಿಟ್ಟ. ಕಾರಣ ಏನೆಂದು ತಿಳಿದದ್ದು 1916ರಲ್ಲಿ, ಶಿಕಾಗೋದ ಫ್ರಾಂಕ್ ಲಿಲ್ಲಿ ಎಂಬ ವಿಜ್ಞಾನಿಯಿಂದ.

ಕಾರಣ ಹೀಗಿದೆ. ಹಸುವಿನ ಹೊಟ್ಟೆಯಲ್ಲಿ ಎರಡು ಕರುಗಳ ಮಾಸುಗಳು ಗಬ್ಬದ ಆರಂಭದಲ್ಲೇ ಒಂದಕ್ಕೊಂದು ಅಂಟಿಕೊಂಡು ರಕ್ತನಾಳಗಳು ಕೂಡಿಕೊಳ್ಳುತ್ತವೆ. ಅಲ್ಲಿಂದ ಎರಡು ಕರುಗಳ ರಕ್ತ ಒಂದೇ. ಗಂಡು ಕರುವಿನ ಬೀಜ ಬೇಗ ಬೆಳೆಯಲು ಶುರುವಾಗುತ್ತದೆ, ಹೆಣ್ಣು ಕರುವಿನ ಅಂಡಾಶಯ ತಡ. ಗಂಡಿನ ಮೈಯಲ್ಲಿ ಗರ್ಭಕೋಶ ಬೆಳೆಯಬಾರದೆಂದು ಅದರ ಬೀಜ ಒಂದು ಹಾರ್ಮೋನನ್ನು ಸುರಿಸುತ್ತದೆ. ಅದೇ ಹಾರ್ಮೋನು ಕೂಡಿದ ರಕ್ತದಲ್ಲಿ ಹರಿದು ಹೆಣ್ಣು ಕರುವಿಗೂ ಮುಟ್ಟುತ್ತದೆ. ಅದರ ಗರ್ಭಕೋಶ, ಅಂಡಾಶಯ ಅಲ್ಲಿಗೇ ನಿಂತುಹೋಗುತ್ತವೆ. ಹೊರಗೆ ಹೆಣ್ಣಿನಂತೆಯೇ ಕಾಣುವ ಕರು, ಒಳಗೆ ಏನೂ ಇಲ್ಲ. ಗಂಡು ಕರು ಹುಟ್ಟಿದ ಮೇಲೆ ಸತ್ತರೂ ಇದು ಬದಲಾಗುವುದಿಲ್ಲ, ಏಕೆಂದರೆ ಆಗಬೇಕಾದದ್ದು ಹೊಟ್ಟೆಯೊಳಗೇ ಆಗಿರುತ್ತದೆ. ಯಾವ ಔಷಧದಿಂದಲೂ ಇದು ಸರಿಹೋಗುವುದಿಲ್ಲ.

ಗಂಡು ಹೆಣ್ಣು ಅವಳಿ ಮಕ್ಕಳಿರುವ ತಾಯಂದಿರು ಇದನ್ನು ಓದಿ ಗಾಬರಿಯಾಗಬೇಡಿ. ಮನುಷ್ಯರಲ್ಲಿ ಅಂಥ ಅವಳಿಗಳ ರಕ್ತ ಹೀಗೆ ಕೂಡುವುದಿಲ್ಲ. ಆಡು ಕುರಿಗಳಲ್ಲೂ ಬಹಳ ಅಪರೂಪ. ಇದು ದನದ ಜಾತಿಯದೇ ವಿಶೇಷ. ಈ ಕೂಡಿದ ರಕ್ತದಿಂದ ಲೋಕಕ್ಕೆ ಒಂದು ಉಪಕಾರವೂ ಆಗಿದೆ: ಅವಳಿ ಕರುಗಳ ಮೈಯಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ಜಗಳವಿಲ್ಲದೆ ಬದುಕಿರುವುದನ್ನು 1945ರಲ್ಲಿ ರೇ ಓವನ್ ಎಂಬುವರು ಕಂಡುಹಿಡಿದರು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಒಪ್ಪುವಂತೆ ಮಾಡುವ ಸಂಶೋಧನೆಗೆ ಅದೇ ದಾರಿ ತೋರಿತು. ಅದನ್ನು ಮುಂದುವರಿಸಿದ ಪೀಟರ್ ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. ಕಿಡ್ನಿ ಕಸಿಯ ಕಥೆಯಲ್ಲಿ ಅವಳಿ ಕರುಗಳದೂ ಪಾಲಿದೆ ಎಂದಾಯಿತು.

ನಮ್ಮ ಲೆಕ್ಕಕ್ಕೆ ಬರೋಣ. ಎರಡೂ ಹೆಣ್ಣಾದರೆ ಭಯವಿಲ್ಲ, ಎರಡೂ ಚೆನ್ನಾಗಿ ಗಬ್ಬ ಕಟ್ಟುತ್ತವೆ. ಎರಡೂ ಗಂಡಾದರೆ ಈ ಪ್ರಶ್ನೆಯೇ ಇಲ್ಲ. ಆದರೆ ಸಾಮಾನ್ಯ ಕಡ್ಡಿ ಹಾಕಿಸಿದಾಗ ಅವಳಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದು ಗಂಡು ಒಂದು ಹೆಣ್ಣೇ ಆಗಿರುತ್ತವೆ. ಹೆಣ್ಣು ಕರುವಿಗೆಂದೇ ಬರುವ ಲಿಂಗ ನಿರ್ಧರಿತ ವೀರ್ಯ ಬಳಸಿದ್ದರೆ ಎರಡೂ ಹೆಣ್ಣಾಗುವ ಸಾಧ್ಯತೆ ಹೆಚ್ಚು, ಆದರೆ ಅದರಲ್ಲೂ ಹತ್ತಕ್ಕೆ ಒಂದು ಗಂಡಾಗುತ್ತದೆ ಎಂಬುದು ನೆನಪಿರಲಿ.

ಒಂದು ಹೆಣ್ಣು ಕರು ಸಾಕಲು ಹಾಲು, ಹಿಂಡಿ, ಹುಲ್ಲು, ಔಷಧ ಎಲ್ಲ ಸೇರಿ ದಿನಕ್ಕೆ 60 ರೂಪಾಯಿ ಎಂದು ಹಿಡಿಯಿರಿ. ನೀವು ನಿಮ್ಮ ಮನೆಯ ಲೆಕ್ಕ ಹಾಕಿದರೆ ಹೆಚ್ಚೇ ಬರುತ್ತದೆ. ಎರಡು ವರ್ಷಕ್ಕೆ 43,800 ರೂಪಾಯಿ. ನಿಮ್ಮ ಕೂಲಿ ಇದರಲ್ಲಿ ಸೇರಿಲ್ಲ. ಅದನ್ನು ಯಾರೂ ಸೇರಿಸುವುದೂ ಇಲ್ಲ. ಇಷ್ಟನ್ನು ಹಾಕಿ ಕೊನೆಗೆ ಗೊಡ್ಡು ಎಂದು ತಿಳಿಯುವ ಬದಲು ಹುಟ್ಟಿದ ತಿಂಗಳೊಳಗೇ ತಿಳಿಯುವ ದಾರಿ ಇದೆ.

ಕರು ಒಂದರಿಂದ ನಾಲ್ಕು ವಾರದ್ದಾಗಿರುವಾಗ ಪಶುವೈದ್ಯರನ್ನು ಕರೆಸಿ. ಮೊಂಡು ತುದಿಯ, ಸ್ವಚ್ಛ ಮಾಡಿದ ನಳಿಗೆಗೆ ಜಾರುವ ಔಷಧ ಸವರಿ ಯೋನಿಯ ಉದ್ದ ನೋಡುತ್ತಾರೆ. ಸರಿಯಾದ ಕರುವಿನಲ್ಲಿ ಅದು 12ರಿಂದ 15 ಸೆಂಟಿಮೀಟರಿನಷ್ಟು ಒಳಗೆ ಹೋಗುತ್ತದೆ. ಗೊಡ್ಡು ಕರುವಿನಲ್ಲಿ 5ರಿಂದ 8 ಸೆಂಟಿಮೀಟರಿಗೇ ನಿಂತುಬಿಡುತ್ತದೆ. ಐದು ನಿಮಿಷದ ಕೆಲಸ. ಕೆಲವು ಕರುಗಳಲ್ಲಿ ಯೋನಿಯ ತುದಿಯಲ್ಲಿ ಕೂದಲಿನ ಕುಚ್ಚು, ದಪ್ಪವಾದ ಚಂದ್ರನಾಡಿ ಹೊರಗೇ ಕಾಣುತ್ತದೆ, ಆದರೆ ಅದು ಇಲ್ಲವೆಂದ ಮಾತ್ರಕ್ಕೆ ಕರು ಸರಿಯಿದೆ ಎನ್ನುವಂತಿಲ್ಲ. ದಯವಿಟ್ಟು ಮನೆಯಲ್ಲಿ ಕಡ್ಡಿ, ಪೆನ್ನು ಹಾಕಿ ನೋಡಬೇಡಿ; ಎಳೆಯ ಕರುವಿನ ಒಳಗೆ ತೂತು ಬಿದ್ದರೆ ಅದು ಉಳಿಯುವುದಿಲ್ಲ. ಅನುಮಾನ ಉಳಿದರೆ ರಕ್ತಪರೀಕ್ಷೆಯಿಂದ ಖಚಿತವಾಗಿ ತಿಳಿಯಬಹುದು: ಹೆಣ್ಣು ಕರುವಿನ ರಕ್ತದಲ್ಲಿ ಗಂಡಿನ ಕಣ ಸಿಕ್ಕರೆ ಅದು ಗೊಡ್ಡೇ. ಒಂದು ವೇಳೆ ನಿಮ್ಮ ಕರು ನೂರರಲ್ಲಿ ಉಳಿದ ಆ ಕೆಲವಕ್ಕೆ ಸೇರಿದ್ದರೆ, ನಿಶ್ಚಿಂತೆಯಿಂದ ಚೆನ್ನಾಗಿ ಸಾಕಿ, ಅದು ಬೇರೆ ಮಣಕಗಳಂತೆಯೇ ಹಾಲಿಗೆ ಬರುತ್ತದೆ.

ಗೊಡ್ಡೆಂದು ತಿಳಿದ ಮೇಲೆ ಏನು ಮಾಡುವುದು ಎಂದು ಕೇಳುತ್ತೀರಿ. ಇಟ್ಟುಕೊಳ್ಳುವುದಾದರೆ ತೋಟಕ್ಕೆ ಗೊಬ್ಬರದ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ ಬೇಕು, ಆ ಕರುವಿನ ಸಗಣಿ ವ್ಯರ್ಥವಾಗುವುದಿಲ್ಲ. ಆದರೆ ಅದಕ್ಕೆ ಹಾಕುವ ಹಿಂಡಿ ಹಾಲಿನ ಮಣಕಕ್ಕೆ ಹಾಕಿದಷ್ಟು ಇರಬೇಕಾಗಿಲ್ಲ, ಬೆದೆಗೆ ಬರಲೆಂದು ಔಷಧಕ್ಕೆ ಒಂದು ರೂಪಾಯಿಯೂ ಹಾಕಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿಯ ಆ ಅಕ್ಕ ಹಾಗೇ ಮಾಡಿದರು. ಮುದಿ ತಾಯಿಯನ್ನು ಕೊಡದೆ ಇನ್ನೊಂದು ಸೂಲಿಗೆ ಕಟ್ಟಿಸಿದರು.

ಮಾರುವುದಾದರೆ ಇರುವ ವಿಷಯ ಹೇಳಿಯೇ ಮಾರಿ. ಕಿವಿಗೆ 12 ಅಂಕಿಯ ಓಲೆ ಹಾಕುವಾಗ "ಗಂಡಿನ ಜೊತೆ ಹುಟ್ಟಿದ ಹೆಣ್ಣು" ಎಂದು ದಾಖಲೆಯಲ್ಲಿ ಬರೆಸಿ, ನಿಮ್ಮ ಸಂಘದ ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೂ ತಿಳಿಸಿ. ಸಂತೆಯಲ್ಲಿ ನೀವೇ ಮಣಕ ಕೊಳ್ಳುವಾಗ ಹಲ್ಲು, ಮೈಕಟ್ಟು, ತಾಯಿಯ ಹಾಲು ಕೇಳುತ್ತೀರಿ. ಜೊತೆಗೆ "ಇದು ಒಂಟಿ ಕರುವಾ, ಅವಳಿಯಾ? ಜೊತೆಗೆ ಹುಟ್ಟಿದ್ದು ಏನು?" ಎಂದೂ ಕೇಳಿ. ವರ್ಷ ಒಂದೂವರೆಯಾದ ಮಣಕ ತೀರಾ ಅಗ್ಗಕ್ಕೆ ಸಿಗುತ್ತಿದ್ದರೆ, ಕೊಳ್ಳುವ ಮೊದಲು ಡಾಕ್ಟರಿಂದ ಗರ್ಭಕೋಶದ ಪರೀಕ್ಷೆ ಮಾಡಿಸಿ.

ಅವಳಿ ಹಾಕಿದ ತಾಯಿಯ ವಿಷಯ ಒಂದು ಉಳಿಯಿತು. ಅದು ಮತ್ತೆ ಬೆದೆಗೆ ಬರುವುದು, ಗಬ್ಬ ಕಟ್ಟುವುದು ಎರಡೂ ಬೇರೆ ಹಸುಗಳಿಗಿಂತ ತಡ. ಈದ ಒಂದೂವರೆ ತಿಂಗಳಿಗೆ ಗರ್ಭಕೋಶ ಸರಿಯಾಗಿದೆಯೇ ಎಂದು ಒಮ್ಮೆ ತೋರಿಸಿ. ಮೊದಲ ಬೆದೆಗೇ ಆತುರಪಟ್ಟು ಇಂಜೆಕ್ಷನ್ ಮಾಡಿಸಬೇಡಿ. ಸೋರಿಕೆ ತಿಳಿಯಾಗಿ, ಮೈ ಸ್ವಲ್ಪ ಕೂಡಿಕೊಂಡ ಮೇಲೆ, ಎರಡರಿಂದ ಮೂರು ತಿಂಗಳ ನಡುವಿನ ಬೆದೆಗೆ ಮಾಡಿಸಿ. ಆಗಲೂ ಒಂದೇ ಕಡ್ಡಿ ಸಾಕು.